ಒಂದೇ ಸಲ ಅದ್ದಬೇಕು

ಪ್ರೀತಿಯ ಸಾದುಲ್ಲಾ,

ಸೌದಿಯ ಅಬ್ಕೈಕ್‌ನ ನಮ್ಮ ಅದೇ ಕೋಣೆಯಿಂದ ಬರೆಯುತ್ತಿದ್ದೇನೆ. ನೀನು ತೀರಿಕೊಂಡು ಐದು ತಿಂಗಳಾಯಿತು. ನಿನ್ನ ಮಂಚದ ಮೇಲೆ ಒಗೆದ ಬಟ್ಟೆ ರಾಶಿ ಹಾಕಿದ್ದೇನೆ, ನೀನಿದ್ದರೆ ಬೈಯುತ್ತಿದ್ದೆ. ನಾನು ಇನ್ನೂ ಅತ್ತಿಲ್ಲ. ದಮ್ಮಾಮಿನಲ್ಲಿ ನಿನ್ನನ್ನು ಮಣ್ಣು ಮಾಡುವಾಗ ಖಬರಸ್ತಾನದ ಗೇಟಿನ ಹೊರಗೆ ನಿಂತು, ನಿಲ್ಲಿಸಿದ್ದ ವ್ಯಾನುಗಳ ನಂಬರ್ ಓದುತ್ತಿದ್ದೆ. ಹೃದಯ ಗಟ್ಟಿ ಎಂದು ತಿಳಿಯಬೇಡ, ಏನೂ ತಾಕುತ್ತಿಲ್ಲ ಅಷ್ಟೆ.

ಜಪಾನಿನ ಒಸಾಕಾದ ಪಂಪ್ ತರಬೇತಿಗೆ ಕಂಪನಿಯವರು ನಿನ್ನ ಬದಲು ನನ್ನನ್ನು ಕಳಿಸಿದರು. ವರ್ಷಗಟ್ಟಲೆ ವಿಡಿಯೊ ನೋಡಿ, ಅಲ್ಲಿ ಏನೇನು ತಿನ್ನಬೇಕೆಂದು ಡೈರಿಯ ಹಿಂದೆ ಪಟ್ಟಿ ಬರೆದಿಟ್ಟವನು ನೀನು. ಹೊರಡುವ ಮುಂಚೆ ಭಟ್ಕಳದಿಂದ ನಿನ್ನ ಹೆಂಡತಿ ಶಾಹೀದಾ ಫೋನ್ ಮಾಡಿದರು. "ಅವರು ಬರೆದದ್ದೆಲ್ಲ ತಿಂದು ಬನ್ನಿ ಭಾಯ್. ಹೇಗಿತ್ತು ಅಂತ ನನಗೆ ಹೇಳಬೇಕು." ಅವರು ನನ್ನಲ್ಲಿ ಕೇಳಿದ್ದು ಅದೊಂದನ್ನೇ.

ಎಲ್ಲವನ್ನೂ ತಿಂದೆ ಮಾರಾಯ. ನಮ್ಮ ಗುಳಿಯಪ್ಪದ ಕಾವಲಿಯಂಥದ್ದರಲ್ಲಿ ಆಕ್ಟೋಪಸ್ ಚೂರು ಹಾಕಿ ಸುಟ್ಟ ತಕೋಯಾಕಿ ತಿಂದೆ. ನಾಲಿಗೆ ಸುಟ್ಟಿತು, ರುಚಿ ಮಾತ್ರ ತಿಳಿಯಲಿಲ್ಲ. ನೀನು ಕ್ಯಾಬೇಜ್ ದೋಸೆ ಎನ್ನುತ್ತಿದ್ದ ಒಕೊನೊಮಿಯಾಕಿ ತಿಂದೆ. ಹೋದಲ್ಲೆಲ್ಲ ಹಂದಿ ಉಂಟಾ, ಎಣ್ಣೆ ಯಾವುದು ಎಂದು ಫೋನಿನಲ್ಲಿ ಜಪಾನಿ ಭಾಷೆಗೆ ತಿರುಗಿಸಿ ತೋರಿಸಿದೆ. ನನಗೆ ಅಂಥ ಕಟ್ಟುಪಾಡಿಲ್ಲ, ಆದರೆ ಪಟ್ಟಿ ನಿನ್ನದಲ್ಲವೇ. ಶಾಹೀದಾರಿಗೆ ದಿನಾ ಫೋಟೊ ಕಳಿಸಿ, ಕೆಳಗೆ "ಚೆನ್ನಾಗಿತ್ತು" ಎಂದು ಬರೆಯುತ್ತಿದ್ದೆ. ಎಲ್ಲವೂ ಸುಳ್ಳು.

ಕೊನೆಯ ದಿನ ಉಳಿದದ್ದು ಕುಶಿಕಾತ್ಸು. ಕಡ್ಡಿಗೆ ಸಿಕ್ಕಿಸಿ ಕರಿದ ಸಿಗಡಿ, ಈರುಳ್ಳಿ, ತಾವರೆ ಬೇರು. ಶಿನ್ಸೆಕಾಯ್ ಎಂಬ ಹಳೆಯ ಪೇಟೆಯ ಇಕ್ಕಟ್ಟಿನ ಅಂಗಡಿ. ಗಿರಾಕಿಗಳ ನಡುವೆ ಸಾಸ್ ತುಂಬಿದ ಒಂದು ಸ್ಟೀಲ್ ಡಬ್ಬಿ, ಎಲ್ಲರಿಗೂ ಅದೇ. ಒಂದೇ ಸಲ ಅದ್ದಬೇಕು, ಕಚ್ಚಿದ ಮೇಲೆ ಅದ್ದಬಾರದು ಎಂದು ಗೋಡೆಯಲ್ಲಿ ಚಿತ್ರ ಸಮೇತ ಬರೆದಿತ್ತು. ಇನ್ನೂ ಸಾಸ್ ಬೇಕಿದ್ದರೆ ಕ್ಯಾಬೇಜ್ ಎಲೆಯಲ್ಲಿ ತೋಡಿಕೊಳ್ಳಬೇಕು. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಎಂಜಲು ಮಾಡಿದರೆ ಅಮ್ಮ ಸೌಟಿನಿಂದಲೇ ಬಾರಿಸುತ್ತಿದ್ದ ಮನೆಯಲ್ಲಿ ಬೆಳೆದವನು ನಾನು.

ಆ ಅಭ್ಯಾಸ ಬಿಡಿಸಿದವನು ನೀನು. ನಾನು ಈ ಕೋಣೆಗೆ ಬಂದ ಮೊದಲ ಶುಕ್ರವಾರ ನೀನು ಖತೀಫಿನ ಮೀನು ಪೇಟೆಯಿಂದ ಮೀನು ತಂದು ಸಾರು ಮಾಡಿ, ನಡುವೆ ದೊಡ್ಡ ತಟ್ಟೆ ಇಟ್ಟೆ. ನಾನು ಬೇರೆ ಬಟ್ಟಲು ಹುಡುಕುತ್ತಿದ್ದೆ. "ಎಂತ ಮಾರಾಯ, ನನಗೆಂತ ರೋಗ ಉಂಟಾ? ಕೈ ಹಾಕು" ಅಂದೆ ನೀನು. ನಾನು ಎರಡು ವಾರ ಹಿಂಜರಿದೆ, ಮೂರನೆಯ ವಾರ ಹಾಕಿದೆ. ಆಮೇಲೆ ಹನ್ನೊಂದು ವರ್ಷ ನೀನು ಕಚ್ಚಿದ ಖುಬ್ಜ್ ರೊಟ್ಟಿ ಅದ್ದಿದ ಸಾರಿಗೇ ನಾನೂ ಅದ್ದಿದೆ.

ಆ ಅಂಗಡಿಯಲ್ಲೂ ಕೈ ಅದನ್ನೇ ಮಾಡಿತು. ಕಚ್ಚಿದ ಸಿಗಡಿಯನ್ನು ಮತ್ತೆ ಡಬ್ಬಿಗೆ ಅದ್ದಿಬಿಟ್ಟೆ. ಅಂಗಡಿಯ ಹೆಂಗಸು ಬೈಯಲಿಲ್ಲ. ಡಬ್ಬಿ ಎತ್ತಿಕೊಂಡು ಹೋಗಿ ಅಷ್ಟೂ ಸಾಸನ್ನು ಸಿಂಕಿಗೆ ಸುರಿದು, ಹೊಸದನ್ನು ತಂದಿಟ್ಟು ತಲೆಬಾಗಿದಳು. ಅವಳದು ಸರಿಯೇ. ನನಗೆ ನಾಚಿಕೆಯೂ ಆಗಲಿಲ್ಲ. ನನ್ನ ಎಂಜಲಿಗೆ ಹೇಸದವನೊಬ್ಬ ಇದ್ದ, ಅವನಿಲ್ಲ ಎಂದಷ್ಟೇ ಅನ್ನಿಸಿತು. ದುಡ್ಡು ಕೊಟ್ಟು ಹೊರಬಂದೆ.

ಇವತ್ತು ಶುಕ್ರವಾರ. ನೀನು ಹೋದ ಮೇಲೆ ಮೊದಲ ಸಲ ಮೀನು ಸಾರು ಮಾಡಿದೆ. ದೊಡ್ಡ ತಟ್ಟೆಯಲ್ಲೇ ಬಡಿಸಿಕೊಂಡು ನನ್ನ ಬದಿಯದನ್ನಷ್ಟೇ ತಿನ್ನುತ್ತಿದ್ದಾಗ ಶಾಹೀದಾರ ಫೋನ್ ಬಂತು. "ಯಾವುದು ಹೆಚ್ಚು ರುಚಿ ಇತ್ತು ಭಾಯ್?" ಇನ್ನು ಸುಳ್ಳು ಸಾಕೆನ್ನಿಸಿತು. ಯಾವುದರ ರುಚಿಯೂ ಗೊತ್ತಾಗಲಿಲ್ಲ ಎಂದೆ. ಡಬ್ಬಿಯ ಸಂಗತಿಯನ್ನೂ ಹೇಳಿದೆ. ಅದಕ್ಕೆ ಅವರು, "ನನಗೂ ಹಾಗೆಯೇ ಭಾಯ್. ಉಪ್ಪು ಸರಿಯುಂಟಾ ಅಂತ ದಿನಾ ಮಕ್ಕಳ ಹತ್ತಿರ ಕೇಳ್ತೇನೆ" ಅಂದರು.

ಫೋನ್ ಇಟ್ಟು ಇನ್ನೊಂದು ತುತ್ತು ಬಾಯಿಗಿಟ್ಟೆ. ಸಾರಿಗೆ ಉಪ್ಪು ಹೆಚ್ಚಾಗಿದೆ ಸಾದುಲ್ಲಾ. ಬಾಯಿಗಿಡಲಿಕ್ಕಾಗದಷ್ಟು. ನನಗೆ ಗೊತ್ತಾಯಿತು.

ನೀನಿರುವಲ್ಲಿ ತಟ್ಟೆ ದೊಡ್ಡದಿರಲಿ, ಪಕ್ಕದಲ್ಲಿ ಕೂರುವವರು ಇರಲಿ.

ನಿನ್ನ ಎಂಜಲು ಉಂಡವನು,
ಶೈಲೇಶ