ಜನರೇಟರ್ ಮೇಲೆ ಅಂಟಿಸುವ ಚೀಟಿ

ಸಿರುಗುಪ್ಪ, ಸೋಮವಾರ

ಅಬ್ಬಾ, ಸಲಾಂ.

ಮೊನ್ನೆ ನಿಮ್ಮ ಕಾರ್ಖಾನೆಯಲ್ಲಿ ಕರೆಂಟ್ ಹೋಗಿ ಮಷಿನ್ ನಿಂತು, ಬಣ್ಣ ತೆಗೆಯುವ ಔಷಧದ ನೀರಿನಲ್ಲಿ ತೊಳೆಯಲು ಹಾಕಿದ್ದ ಎಂಬತ್ತು ಜೀನ್ಸ್ ಪ್ಯಾಂಟಿಗೆ ಕಲೆ ಬಿತ್ತೆಂದು ಅಮ್ಮಿ ಹೇಳಿದಳು. ನೀವು ಮಾಲೀಕರಿಗೆ, "ನಿದ್ದಿ ಹತ್ತಿತ್ರಿ, ಜನರೇಟರ್ ಹಚ್ಚಾಕ ತಡಾ ಆತು" ಅಂದಿರಂತೆ. ಇನ್ನೊಮ್ಮೆ ಹೀಗಾದರೆ ಕೆಲಸಕ್ಕೆ ಬರಬೇಡ ಎಂದರಂತೆ ಅವರು.

ಇಪ್ಪತ್ತು ವರ್ಷದಲ್ಲಿ ನೀವು ಮಷಿನ್ ಮುಂದೆ ಒಮ್ಮೆಯೂ ನಿದ್ದೆ ಮಾಡಿದವರಲ್ಲ. ನಾನು ಮಾಡಿಕೊಟ್ಟ ಆ್ಯಪ್ "ಇನ್ನೈದು ನಿಮಿಷದಲ್ಲಿ ಕರೆಂಟ್ ಬರುತ್ತದೆ" ಎಂದು ತೋರಿಸುತ್ತಲೇ ಇತ್ತು. ನೀವು ಅದನ್ನು ನಂಬಿ ಮುಕ್ಕಾಲು ಗಂಟೆ ಕಾದಿರಿ.

ಅದು ಹಿಂದೆ ಕರೆಂಟ್ ಹೋದ ಲೆಕ್ಕ ನೋಡಿ ಅಂದಾಜು ಹೇಳುತ್ತದೆ, ಅಷ್ಟೆ. ಅಂದಾಜು ತಪ್ಪಿದರೆ ಏನು ಮಾಡಬೇಕೆಂದು ನಾನು ಯೋಚಿಸಿರಲೇ ಇಲ್ಲ. ಈಗ ಸರಿಮಾಡಿದ್ದೇನೆ. ತಡವಾಗುತ್ತದೆ ಎಂದು ತೋರಿಸಿದರೆ ಕೂಡಲೇ ಜನರೇಟರ್ ಹಾಕಿ. ಬೇಗ ಬರುತ್ತದೆ ಎಂದರೆ ಕಾಯಿರಿ, ಆದರೆ ಹತ್ತೇ ನಿಮಿಷ; ಆಮೇಲೆ ಜನರೇಟರ್ ಹಾಕಿಬಿಡಿ. ನಿಂತ ಮಷಿನ್‌ನೊಳಗಿನ ಬಟ್ಟೆ ಅಷ್ಟು ಹೊತ್ತು ಮಾತ್ರ ಕಲೆಯಾಗದೆ ತಡೆಯುತ್ತದೆ ಎಂದು ನೀವೇ ಹೇಳಿದ್ದಿರಿ. ನಾನು ಅದನ್ನು ಮೊದಲೇ ಕೇಳಿಸಿಕೊಳ್ಳಬೇಕಿತ್ತು.

ಶುಕ್ರವಾರ ಬಳ್ಳಾರಿಗೆ ಬಂದು ಮಾಲೀಕರಿಗೆ ನಿಜ ಹೇಳುತ್ತೇನೆ. ಬೇಡ ಅನ್ನಬೇಡಿ. ಅಲ್ಲಿಯವರೆಗೆ, ಕೆಳಗಿನ ಸಾಲನ್ನು ಕತ್ತರಿಸಿ ಜನರೇಟರ್ ಮೇಲೆ ಅಂಟಿಸಿ.

ನಿಮ್ಮ
ಸುಹಾನಾ

ಹತ್ತು ನಿಮಿಷ ದಾಟಿದ ಮೇಲೆ ಯಾರ ಮಾತನ್ನೂ ಕೇಳಬಾರದು, ಮಗಳ ಮಾತನ್ನೂ.