ಕಾಫಿ ಹುರಿಯುವವನ ಮೂಗು

ಬಂಗೂರನಗರ, ದಾಂಡೇಲಿ
14 ಸೆಪ್ಟೆಂಬರ್ 1998, ಸೋಮವಾರ

ಪ್ರೀತಿಯ ಸೋಮಿ,

ಹೇಗಿದ್ದೀಯೆ? ಮೊಣಕಾಲಿನ ನೋವು ಇಳಿದಿದೆಯೋ, ಇಲ್ಲ ಬಾಣಂತಿಗೆ ನೀರು ಕಾಯಿಸಿ ಕಾಯಿಸಿ ಇನ್ನಷ್ಟು ಏರಿದೆಯೋ? ಸನವಳ್ಳಿಯಲ್ಲಿ ಮಳೆ ಬಿಟ್ಟಿತೇ? ಇಲ್ಲಿ ಬಿಟ್ಟಂತೆ ಮಾಡಿ ಮತ್ತೆ ಹಿಡಿಯುತ್ತಿದೆ. ಮಗಳು ಕಾಜಲ್‌ಗೆ ಅಂಟಿನುಂಡಿ ಬೇಸರ ಬಂದಿದೆಯೆಂದು ನೀನು ಬರೆದಿದ್ದೆ. ಬೇಸರ ಬಂದರೂ ಬಿಡಬೇಡ, ಗದರಿಸಿಯಾದರೂ ತಿನ್ನಿಸು. ಎರಡನೆಯ ಹೆರಿಗೆಯಾದ ಮೇಲೆ ಮೈ ಸಡಿಲಾದರೆ ಮುಂದೆ ಅವಳಿಗೇ ಕಷ್ಟ. ದೊಡ್ಡವನು ಶಾಲೆ ತಪ್ಪಿಸಿ ನಿನ್ನ ಸೆರಗು ಹಿಡಿದು ತಿರುಗುತ್ತಿದ್ದರೆ ಅಜ್ಜ ಬರುತ್ತಾನೆ ಎಂದು ಹೆದರಿಸು. ಹೊಸ ಕೂಸು ಯಾರನ್ನು ಹೋಲುತ್ತದೆಂದು ನೀನು ಇನ್ನೂ ಬರೆದಿಲ್ಲ. ಮೂಗು ಮಾತ್ರ ನನ್ನದೇ ಬಂದಿರಬೇಕು ಎಂದು ನೀನು ಬಸ್ಸು ಹತ್ತುವಾಗ ನಾನು ಜಂಬ ಕೊಚ್ಚಿಕೊಂಡಿದ್ದೆ. ಆ ಮಾತನ್ನು ಈಗ ವಾಪಸು ತೆಗೆದುಕೊಂಡಿದ್ದೇನೆ. ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ. ಕಾಜಲ್ ಕೈಗೆ ಕೊಟ್ಟು ಓದಿಸಬೇಡ. ನಿಧಾನವಾದರೂ ಚಿಂತೆಯಿಲ್ಲ, ನೀನೇ ಓದು.

ಫೋನು ಮಾಡಬೇಕೆಂದು ಎಸ್‌ಟಿಡಿ ಬೂತಿಗೆ ಹೋಗಿದ್ದೆ. ಹಿಂದೆ ಜನ ಸಾಲುಹಚ್ಚಿ ನಿಂತಿದ್ದರು. ಅಳಿಯನ ಪಕ್ಕದ ಮನೆಗೆ ಫೋನು ಹಚ್ಚಿ, ನಿನ್ನನ್ನು ಓಡಿಸಿಕೊಂಡು ಕರೆಸಿ, ನಾಲ್ಕು ಜನರ ಕಿವಿಗೆ ಬೀಳುವಂತೆ ಹೇಳುವ ಮಾತಲ್ಲ ಇದು. ಅದಕ್ಕೇ ಹಾಗೇ ಹಿಂದಿರುಗಿದೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಗಾಯವಾಗಿಲ್ಲ, ಮನೆ ಸುಟ್ಟಿಲ್ಲ. ಸ್ವಲ್ಪದರಲ್ಲಿ ತಪ್ಪಿತು. ಸೋಮಿ, ನನಗೆ ವಾಸನೆ ತಿಳಿಯುವುದಿಲ್ಲ. ಯಾವ ವಾಸನೆಯೂ ತಿಳಿಯುವುದಿಲ್ಲ, ಕಾಫಿಯದೂ ಕೂಡ. ಈ ಸಾಲು ಬರೆದು ನಾನೇ ಇನ್ನೊಮ್ಮೆ ಓದಿಕೊಂಡೆ. ಬೇರೆ ಯಾರದೋ ಸುದ್ದಿ ಓದಿದಂತಾಯಿತು. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಆದದ್ದು ಹೀಗೆ. ನೀನು ಹೋದ ವಾರದಲ್ಲೇ ನನಗೆ ಜ್ವರ, ನೆಗಡಿ ಹಿಡಿಯಿತು. ಮೂಗಿರುವ ತನಕ ನೆಗಡಿ ತಪ್ಪಿದ್ದಲ್ಲ ಎಂದು ಕಷಾಯ ಕುಡಿದು ಸುಮ್ಮನಾದೆ, ನಿನಗೂ ಬರೆಯಲಿಲ್ಲ. ಜ್ವರ ಹೋಯಿತು, ಮೂಗು ಸೋರುವುದೂ ನಿಂತಿತು. ಆದರೆ ಆಮೇಲೆ ನಾನು ಏನು ಮಾಡಿಕೊಂಡು ಉಂಡರೂ ಸಪ್ಪೆ. ಬದನೆಕಾಯಿ ಪಲ್ಯ ಮಾಡಿದರೆ ಹುಲ್ಲು ಜಗಿದಂತೆ, ಬೇಳೆಗೆ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಬಿಸಿನೀರು ಕುಡಿದಂತೆ. ನಾನು ಏನೆಂದುಕೊಂಡೆ ಹೇಳು? ಸೋಮಿಯ ಕೈರುಚಿ ಉಂಡು ಬೆಳೆದ ನಾಲಗೆಗೆ ಈ ಗಂಡಸಿನ ಅಡಿಗೆ ಹಿಡಿಸುತ್ತಿಲ್ಲ ಎಂದುಕೊಂಡೆ. ದಿನಾ ಊಟಕ್ಕೆ ಕೂತು ನನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದೆ. ನೀನು ಊರಲ್ಲಿದ್ದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ನೀನು ಮಾಡಿದ್ದು ಸಪ್ಪೆಯೆಂದು ನಾನು ಅನ್ನುತ್ತಿದ್ದೆ, ನೀನು ಲಟ್ಟಣಿಗೆ ತೆಗೆದುಕೊಳ್ಳುತ್ತಿದ್ದೆ, ಅಲ್ಲಿಗೆ ನಿಜ ಹೊರಬೀಳುತ್ತಿತ್ತು.

ಇತ್ತ ಅಂಗಡಿಯಲ್ಲಿ ತಕರಾರು ಶುರುವಾಯಿತು. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಅಡಿವೆಯ್ಯ ಬಂದು ಪುಡಿಯ ಪೊಟ್ಟಣ ಕಟ್ಟೆಯ ಮೇಲೆ ಕುಕ್ಕಿದ. “ತುಳಜಪ್ಪಾ, ಇದೇನ್ ಕಾಫಿ ಪುಡಿನೋ ಇದ್ದಲಿ ಪುಡಿನೋ? ಗಿರಾಕಿ ಎಲ್ಲಾ ಚಹಾ ಕಡೆ ಹೊಂಟಾರ” ಅಂದ. ನಿನ್ನ ಹಾಲೇ ತಳ ಹಿಡಿದಿರಬೇಕು, ಮೊದಲು ಪಾತ್ರೆ ತಿಕ್ಕಿಸು ಎಂದು ನಾನು ಅವನನ್ನೇ ಏರಿ ಹೋದೆ. ಕ್ವಾರ್ಟರ್ಸಿನ ತಮಿಳು ಅಮ್ಮ ಇದ್ದಾರಲ್ಲ, ಫಿಲ್ಟರಿನ ಮೊದಲ ಡಿಕಾಕ್ಷನ್ ಮೂಸಿ ನೋಡಿ ಇವತ್ತಿನ ಹುರಿ ಒಂದು ಚಿಟಿಕೆ ಹೆಚ್ಚು ಎಂದು ಹೇಳಿ ಕಳಿಸುವವರು, ಅವರು ಡಬ್ಬಿಯನ್ನೇ ವಾಪಸು ಕಳಿಸಿದರು. ಅವರಿಗೆ ವಯಸ್ಸಾಯಿತು, ಬಾಯಿ ಕೆಟ್ಟಿದೆ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದು ದಿನ ಇದ್ದಿಲು ಹಸಿ ಎಂದೆ, ಇನ್ನೊಂದು ದಿನ ಚಿಕೋರಿ ಸುಮಾರು ಎಂದೆ. ಹಿತ್ತಲಲ್ಲಿ ಹುರಿಯುವ ಡ್ರಮ್ಮಿನ ಮುಂದೆ ಕೂತಾಗ ಮಾತ್ರ ನನಗೊಂದು ಸೋಜಿಗ. ಎಷ್ಟು ತಿರುಗಿಸಿದರೂ ಹದದ ವಾಸನೆ ಏಳುತ್ತಲೇ ಇರಲಿಲ್ಲ. ಇನ್ನೂ ಬಂದಿಲ್ಲ, ಇನ್ನೂ ಬಂದಿಲ್ಲ ಎಂದು ತಿರುಗಿಸುತ್ತಾ ಕೂತೆ. ಕಾಳು ಎಣ್ಣೆ ಬಿಟ್ಟು, ಕರ್ರಗೆ ಹೊಳೆಯತೊಡಗಿದ ಮೇಲೆ ಇಳಿಸಿದೆ. ಈ ಸಲದ ಬೀಜವೇ ಹೀಗೆ, ವಾಸನೆ ಕಡಿಮೆ ಎಂದುಕೊಂಡೆ.

ಬೀಜ ಬದಲಿಸಿದರೆ ಸರಿಹೋದೀತೆಂದು ಜೋಯಿಡಾ ಕಡೆಯ ತೋಟದವನೊಬ್ಬ ತಂದ ಚೀಲ ಕೊಂಡೆ. ನಾನು ಬೀಜ ಆರಿಸುವ ರೀತಿ ನಿನಗೆ ಗೊತ್ತೇ ಇದೆ. ಮುಷ್ಟಿಗೆ ತೆಗೆದುಕೊಂಡು ತೂಕ ನೋಡಿದೆ, ಭಾರವಿತ್ತು. ಕಚ್ಚಿ ನೋಡಿದೆ, ಹಲ್ಲಿಗೆ ಗಟ್ಟಿ, ಒಣಗಿದೆ ಅಂದುಕೊಂಡೆ. ಕಾಳು ಒಂದೇ ಸಮ, ತೂತಿಲ್ಲ, ಕಪ್ಪಿಲ್ಲ. ಕಡೆಗೆ ಮೊಣಕೈ ತನಕ ಚೀಲದೊಳಗೆ ಕೈ ಹಾಕಿ ತಳದ ಕಾಳು ತೆಗೆದು ಮೂಸಿದೆ. ಕೆಟ್ಟ ವಾಸನೆ ಏನೂ ಬರಲಿಲ್ಲ. ಹುಳಿ ಇಲ್ಲ, ಮುಗ್ಗು ಇಲ್ಲ, ಬೀಜ ಶುದ್ಧವಾಗಿದೆ ಎಂದು ಅವನ ಬೆನ್ನು ತಟ್ಟಿ ಚೀಲ ಇಳಿಸಿಕೊಂಡೆ. ಒಳ್ಳೆಯ ಹಸಿ ಬೀಜಕ್ಕೂ ಒಣಹುಲ್ಲಿನ ಒಂದು ವಾಸನೆ ಇರಬೇಕಲ್ಲ, ಅದು ಯಾಕಿಲ್ಲ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಆ ಬೀಜ ಹುರಿದು ಪುಡಿ ಮಾಡಿ ಮಾರಿದೆ ಸೋಮಿ. ದೇವರಾಣೆಗೂ ಗೊತ್ತಿಲ್ಲದೆ ಮಾರಿದೆ.

ಮೊನ್ನೆ ಶುಕ್ರವಾರ ಸಂಜೆ ಹಾಲು ಒಲೆಯ ಮೇಲಿಟ್ಟು ಹೊರಗಿನ ಕೋಣೆಯಲ್ಲಿ ಕಾಳು ಆರಿಸುತ್ತಾ ಕೂತಿದ್ದೆ. ಮಳೆಯ ಎರಚಲೆಂದು ಕಿಟಕಿ ಎಲ್ಲ ಮುಚ್ಚಿದ್ದೆ. ಹಾಲು ಉಕ್ಕಿ ಬೆಂಕಿ ಆರಿದೆ, ಗ್ಯಾಸು ಹರಿಯುತ್ತಲೇ ಇದೆ. ನನಗೆ ಏನೂ ಗೊತ್ತಿಲ್ಲ. ಕರೆಂಟು ಹೋಯಿತು. ದೀಪ ಹಚ್ಚೋಣವೆಂದು ಅಡಿಗೆಮನೆಗೆ ಹೋಗಿ ಕಡ್ಡಿಪೆಟ್ಟಿಗೆ ತೆಗೆದು, ಕಡ್ಡಿಯನ್ನು ಪೆಟ್ಟಿಗೆಗೆ ತಾಗಿಸಿದ್ದೆ. ಅಷ್ಟರಲ್ಲಿ ಹಿಂಬಾಗಿಲಿಂದ ಪಕ್ಕದ ಮನೆಯ ಶರೀಫಾ ನುಗ್ಗಿ ಬಂದು ನನ್ನ ಕೈಗೆ ಹೊಡೆದಳು. ಹೊಡೆದಳೆಂದರೆ ಹೊಡೆದಳು, ಪೆಟ್ಟಿಗೆ ಮೋರಿಗೆ ಹೋಗಿ ಬಿತ್ತು. “ಯಾ ಅಲ್ಲಾ, ಕಡ್ಡಿ ಗೀರಬ್ಯಾಡ್ರಿ ಮಾಮಾ! ನಮ್ಮ ಅಂಗಳದ ತನಕಾ ಗ್ಯಾಸ್ ನಾರಾಕತ್ತೈತಿ!” ಎಂದು ಕೂಗುತ್ತಾ ಕತ್ತಲಲ್ಲೇ ತಡಕಿ ಸಿಲಿಂಡರು ಬಂದ್ ಮಾಡಿ, ಕಿಟಕಿ ಬಾಗಿಲು ಎಲ್ಲ ತೆರೆದಳು. ಆಮೇಲೆ ನನ್ನನ್ನು ಅಂಗಳಕ್ಕೆ ಎಳೆದು ನಿಲ್ಲಿಸಿ, ಸೊಂಟಕ್ಕೆ ಕೈಯಿಟ್ಟು ಕೇಳಿದಳು: “ಮೂಗು ಐತೋ ಇಲ್ಲೋ ನಿಮಗ?”

ನನ್ನ ಕೋಪ ನಿನಗೆ ಗೊತ್ತು. ನನಗೆ ಹೀಗೆ ಕೇಳುತ್ತೀಯಾ ಎಂದು ಬಾಯಿ ತೆರೆದೆ. ಮಳೆಯಲ್ಲಿ ನಿಂತು ಉಸಿರೆಳೆದೆ. ಮಣ್ಣಿಲ್ಲ, ಮಳೆಯಿಲ್ಲ, ಗ್ಯಾಸಿಲ್ಲ, ಬರೀ ತಣ್ಣನೆಯ ಗಾಳಿ. ಕರೆಂಟು ಬಂದ ಮೇಲೆ ಒಳಗೆ ಹೋಗಿ ನಿನ್ನ ಇಂಗಿನ ಡಬ್ಬಿ ತೆರೆದು ಮೂಗಿಗಿಟ್ಟೆ, ಏನೂ ಇಲ್ಲ. ಬೆಳ್ಳುಳ್ಳಿ ಜಜ್ಜಿದೆ, ಸೀಮೆಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದೆ, ಏನೂ ಇಲ್ಲ. ಕಾಫಿ ಪುಡಿಯ ಡಬ್ಬಿ ಮಾತ್ರ ತೆರೆಯಲು ಧೈರ್ಯ ಬರಲಿಲ್ಲ, ಶರೀಫಾಳ ಕೈಗೆ ಕೊಟ್ಟೆ. “ಸುಟ್ಟ ರೊಟ್ಟಿ ವಾಸನಿ” ಅಂದಳು. ಜೋಯಿಡಾದ ಚೀಲ ತೋರಿಸಿದೆ. ಬಗ್ಗಿದವಳು ಮೂಗು ಮುಚ್ಚಿಕೊಂಡಳು. “ಥೂ ಮಾಮಾ, ಮಳಿಯಾಗ ತೊಯ್ದ ಕಂಬಳಿ ಇದು. ಇದನ್ನ ಮಂದಿಗೆ ಕುಡಸೀರಿ?” ಅಂದಳು. ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ.

ಮರುದಿನ ಅಂಗಡಿ ತೆರೆಯಲಿಲ್ಲ. ಮೊದಲು ಕೊಂಡಿದ್ದ ಒಳ್ಳೆಯ ಪ್ಲಾಂಟೇಶನ್ ಜಾತಿಯ ಬೀಜ ಸ್ವಲ್ಪ ಉಳಿದಿತ್ತು, ಅದನ್ನು ಇದ್ದಿಲ ಒಲೆಗೆ ಹಂಚಿಟ್ಟು ಮೂರು ಹದದಲ್ಲಿ ಹುರಿದೆ. ಒಂದು ತಿಳಿ, ಕಾಳು ಸಿಡಿಯುವ ಮೊದಲ ಚಟಪಟ ಮುಗಿಯುತ್ತಲೇ ಇಳಿಸಿದ್ದು. ಒಂದು ನಡುಹುರಿ, ನಮ್ಮ ಅಂಗಡಿಗೆ ಹೆಸರು ತಂದ ಹದ. ಒಂದು ಎಣ್ಣೆ ಬಿಡುವ ತನಕ ಕಪ್ಪಾದದ್ದು. ತಿಳಿ ಹುರಿಯಲ್ಲಿ ನಿಂಬೆಯ ಹುಳಿ ಇರಬೇಕು, ಹಿಂದೆಯೇ ಹೂವಿನಂಥ ಒಂದು ಪರಿಮಳ. ನಡುಹುರಿಯಲ್ಲಿ ಬೆಲ್ಲದ ಪಾಕ ಕಾಸಿದ ಘಮ, ಹುರಿದ ಶೇಂಗಾದ ರುಚಿ, ಹುಳಿಯೂ ಕಹಿಯೂ ಜಗಳವಾಡದೆ ಕೂಡಿರಬೇಕು. ಕಪ್ಪು ಹುರಿಯಲ್ಲಿ ಬೀಜದ ಗುಣ ಹೋಗಿ ಬೆಂಕಿಯ ಗುಣ ಬರುತ್ತದೆ, ಒಳ್ಳೆಯ ಬೀಜ, ಕೆಟ್ಟ ಬೀಜ ಎಲ್ಲ ಒಂದೇ ಆಗುತ್ತದೆ. ಹಾಲು, ಸಕ್ಕರೆ ಹಾಕದೆ ಮೂರೂ ಕುಡಿದೆ. ಮೊದಲನೆಯದು ಒಂದಿಷ್ಟು ಹುಳಿ, ಕಡೆಯದು ಕಹಿ. ನಡುವಿನದು ಬರೀ ಬಿಸಿನೀರು. ನಾನು ಯಾವ ಹದಕ್ಕಾಗಿ ಬದುಕಿದೆನೋ ಅದೇ ನನ್ನ ಬಾಯಿಗೆ ಇಲ್ಲ. ಅಡಿಗೆಮನೆಯ ನೆಲದ ಮೇಲೆ ಕೂತು ಅತ್ತೆ ಸೋಮಿ. ನನ್ನ ಅವ್ವ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಬಣ್ಣ ನೋಡಿ ಇಳಿಸಬಹುದಲ್ಲ ಎಂದು ನೀನು ಅನ್ನುತ್ತೀಯೆ. ಆಗುವುದಿಲ್ಲ. ಡ್ರಮ್ಮಿನಿಂದ ತೆಗೆದು, ಹೊಗೆ ಸರಿಸಿ, ಬೆಳಕಿಗೆ ಹಿಡಿದು ನೋಡುವಷ್ಟರಲ್ಲಿ ಕಾಳು ತನ್ನ ಕಾವಿನಲ್ಲೇ ಒಂದು ಹದ ಮುಂದೆ ಹೋಗಿರುತ್ತದೆ. ಚಟಪಟ ಕೇಳಿ ಇಳಿಸೋಣವೆಂದರೆ ಹಿತ್ತಲಿನ ತಗಡಿನ ಸೂರಿನ ಮೇಲೆ ಮಳೆ ಬಿದ್ದಾಗ ನನ್ನ ಮಾತೇ ನನಗೆ ಕೇಳುವುದಿಲ್ಲ. ಬರಲಿರುವ ಹದವನ್ನು ಮೊದಲೇ ಹೇಳುವುದು ಮೂಗು ಒಂದೇ. ಭಾನುವಾರ ಡಾಕ್ಟರನ್ನೂ ಕಂಡೆ. “ಜ್ವರದಾಗ ವಾಸನಿ ನರಾ ಕೆಟ್ಟಾವ. ತಿರುಗಿ ಬಂದರೂ ಬರಬಹುದು, ಬರದೇನೂ ಇರಬಹುದು” ಅಂದರು. ಔಷಧಿ ಇಲ್ಲವಂತೆ. ತೇರಗಾಂವದಲ್ಲಿ ಚಹಾ ಕುಡಿದು ಬೆಳೆದು, ಇಲ್ಲಿ ಚೀಲ ಹೊರಲು ಬಂದ ನನ್ನನ್ನು ಡ್ರಮ್ಮಿನ ಮುಂದೆ ಕೂರಿಸಿದ್ದು ಈ ಮೂಗು. ಅದು ಹೇಳದೆ ಕೇಳದೆ ಎದ್ದು ಹೋಯಿತು. ಅದರ ತುದಿಯ ಕೋಪವನ್ನು ಮಾತ್ರ ನನಗೆ ಬಿಟ್ಟುಹೋಗಿದೆ.

ಹಳಿಯಾಳದ ಲಗಮಪ್ಪ, ಹಿಟ್ಟಿನ ಗಿರಣಿಯವನು, ನಮ್ಮ ಡ್ರಮ್ಮು ಕೇಳುತ್ತಿದ್ದಾನೆ. ಶೇಂಗಾ, ಪುಟಾಣಿ ಕಡಲೆ ಹುರಿಯುತ್ತಾನಂತೆ. ನಾಳೆ ನೋಡಲು ಬರುತ್ತಾನೆ. ಕೊಟ್ಟುಬಿಡೋಣವೆಂದು ಮನಸ್ಸು ಗಟ್ಟಿ ಮಾಡಿದ್ದೇನೆ. ಮುಗ್ಗಿದ ಬೀಜ ಮಾರುವವನು, ಸುಟ್ಟ ಪುಡಿ ಕೊಡುವವನು ಎಂದು ಊರವರು ಅನ್ನುವ ಮೊದಲೇ ಮರ್ಯಾದೆಯಿಂದ ಬಾಗಿಲು ಹಾಕುವುದು ಮೇಲು. ಅಂಗಡಿಯಲ್ಲಿ ಬೆಲ್ಲ, ಅವಲಕ್ಕಿ ಇಟ್ಟುಕೊಂಡು ಕೂತರಾಯಿತು. ಅದಕ್ಕೆ ಮೂಗು ಬೇಕಿಲ್ಲ. ಈ ಡ್ರಮ್ಮಿನ ಹೊಗೆಯಲ್ಲಿ ನೀನೂ ನನ್ನ ಜೊತೆ ಬದುಕಿದವಳು, ನಿನ್ನನ್ನು ಕೇಳದೆ ಕೊಡಲಾರೆ. ಉದ್ದ ಪತ್ರ ಬೇಡ. ಒಂದು ಕಾರ್ಡಿನಲ್ಲಿ “ಹೂಂ” ಎಂದು ಬರೆದು ಹಾಕು, ಸಾಕು. ನೀನು ಅವಸರ ಮಾಡಿಕೊಂಡು ಬರಬೇಡ, ಬಾಣಂತನ ಪೂರ್ತಿ ಮುಗಿಸಿಯೇ ಬಾ. ಗ್ಯಾಸಿನ ಒಲೆ ನಾನು ಮುಟ್ಟುತ್ತಿಲ್ಲ, ಊಟ ಶರೀಫಾಳ ಮನೆಯಿಂದ ಬರುತ್ತದೆ.

ಕಾಜಲ್‌ಗೂ ಅಳಿಯನಿಗೂ ನನ್ನ ಆಶೀರ್ವಾದ ಹೇಳು. ದೊಡ್ಡವನ ಕೆನ್ನೆ ಹಿಂಡು, ಹೊಸ ಕೂಸಿನ ನೆತ್ತಿಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ತುಳಜಾಭವಾನಿ ಅವರನ್ನೆಲ್ಲ ನೂರು ಕಾಲ ತಂಪಾಗಿ ಇಡಲಿ. ಸಂಜೆಯ ಹೊತ್ತು ಕಾಲಿಗೆ ಎಣ್ಣೆ ಹಚ್ಚಿಕೋ, ಮರೆಯಬೇಡ.

ಇಂತಿ ನಿನ್ನ
ತುಳಜಪ್ಪ

ತಾ. ಕ.: ಲಕೋಟೆ ಅಂಟಿಸುವುದರೊಳಗೆ ಲಗಮಪ್ಪ ಬಂದುಬಿಟ್ಟ. ನಾಳೆ ಎಂದವನು ಇವತ್ತೇ ಟೆಂಪೋ ತಂದಿದ್ದ. ಡ್ರಮ್ಮು ನಡೆಸಿ ತೋರಿಸಿರಿ ಅಂದ. ಉಳಿದ ಬೀಜ ಹಾಕಿ ಹಿಡಿಕೆ ತಿರುಗಿಸಿದೆ. ಹೊಗೆ ಎದ್ದಿತು. “ಹದಾ ಬಂತೇನ್ರಿ?” ಎಂದು ಕೇಳಿದ. ನನಗೆ ತಿಳಿಯಲಿಲ್ಲ. ನನಗರಿವಿಲ್ಲದೆ ಅಡಿಗೆಮನೆಯ ಬಾಗಿಲ ಕಡೆ ತಿರುಗಿ ಕಾದೆ. ನಾನು ಹುರಿಯುವಾಗಲೆಲ್ಲ ನೀನು ಅಲ್ಲಿಂದ ರೊಟ್ಟಿ ಬಡಿಯುತ್ತಲೇ “ಸಾಕ್ರೀ, ಇಳಸ್ರಿ” ಎಂದು ಕೂಗುತ್ತಿದ್ದೆ. ನಿನ್ನ ರೊಟ್ಟಿ ನೀ ನೋಡಿಕೋ ಎಂದು ನಾನು ಗದರುತ್ತಿದ್ದೆ. ಗದರಿ, ಆ ಕ್ಷಣಕ್ಕೇ ಇಳಿಸುತ್ತಲೂ ಇದ್ದೆ. ಇವತ್ತು ಯಾರೂ ಕೂಗಲಿಲ್ಲ, ಬೀಜ ಸುಟ್ಟುಹೋಯಿತು. ಲಗಮಪ್ಪನನ್ನು ಖಾಲಿ ಟೆಂಪೋದಲ್ಲೇ ಕಳಿಸಿದ್ದೇನೆ. ಮೇಲೆ ಬರೆದದ್ದನ್ನು ನಂಬಬೇಡ, ಹೂಂ ಎಂದು ಬರೆಯಬೇಡ. ಕಾಜಲ್ ತನ್ನ ಕೂಸಿಗೆ ತಾನೇ ನೀರೆರೆಯುವಷ್ಟಾದರೆ ಅವಳನ್ನು ಕೇಳಿಕೊಂಡು ದಸರೆಗೆ ಮುಂಚೆ ಬಂದುಬಿಡು. ಬೀಜದ ಚೀಲಕ್ಕೆ ಮೊದಲು ನೀನು ಕೈ ಹಾಕಿ ಮೂಸು, ನೀನು ಒಪ್ಪಿದ್ದನ್ನೇ ಕೊಳ್ಳುತ್ತೇನೆ. ಡ್ರಮ್ಮಿನ ಪಕ್ಕ ನಿನಗೊಂದು ಮಣೆ ಹಾಕುತ್ತೇನೆ. ಹಿಡಿಕೆ ನಾನು ತಿರುಗಿಸುತ್ತೇನೆ, ನೀನು ಸಾಕು ಅನ್ನು. ಗದರದೆ ಇಳಿಸುತ್ತೇನೆ.