ಹೆಸರಿಲ್ಲದವರ ಕಾಮೆಂಟು

ಅಪ್ಪಾ,

ನೀವು ತೀರಿಕೊಂಡು ಎರಡು ತಿಂಗಳಾಯಿತು. ಇವತ್ತು ಜನವರಿ ಒಂದು, ೨೦೦೯. ಅರಸೀಕೆರೆಯ ಸೈಬರ್ ಅಂಗಡಿಯಲ್ಲಿ ಕೂತು, ನನ್ನ ಅಡುಗೆ ಬ್ಲಾಗಿಗೆ ಈ ವರ್ಷದ ಗುರಿಗಳನ್ನು ಬರೆಯುತ್ತಿದ್ದೆ: ವಾರಕ್ಕೊಂದು ಬರಹ, ಡಿಸೆಂಬರಿನೊಳಗೆ ಇನ್ನೂರು ಓದುಗರು. ಅಂಗಡಿಯ ಮಧುಕುಮಾರ್ ಪರದೆ ನೋಡಿ ನಿಂತುಬಿಟ್ಟ.

“ಈ ಬ್ಲಾಗು ನಿಮ್ದಾ? ಹಂಗಾದ್ರೆ ಜವರಪ್ಪ ಮೇಷ್ಟ್ರ ಮಗಳು ನೀವೇ! ಇದನ್ನ ಓದಕ್ಕೇ ಬಾಣಾವರದಿಂದ ರೈಲಲ್ಲಿ ಬರೋರು. ಅವರು ಕಾಮೆಂಟು ಹೇಳೋರು, ನಾನು ಟೈಪ್ ಮಾಡ್ತಿದ್ದೆ. ‘ಹೆಸರು ಬ್ಯಾಡ ಕಣಪ್ಪ, ನನ್ ಹೆಸರು ಕಂಡ್ರೆ ಅವಳು ಓದಲ್ಲ’ ಅನ್ನೋರು. ಹೋದ್ ವರ್ಷದಿಂದ ಹೆಸರಿಲ್ದೆ ಅದು ತಗೊಳ್ತಿರ್ಲಿಲ್ಲ. ಆಮೇಲೆ ಸುಮ್ನೆ ಓದ್ಕೊಂಡು ಹೋಗೋರು.”

ನನ್ನ ಮದುವೆಯ ದಿನದಿಂದ ನಾವು ಮಾತು ಬಿಟ್ಟು ಆರು ವರ್ಷ. “ಅವರೆಕಾಳನ್ನು ಹಾಗೇ ಹಿತುಕುವುದಿಲ್ಲ, ಮೊದಲು ನೆನೆಹಾಕಬೇಕು.” ಪ್ರತಿ ಬರಹದ ಕೆಳಗೂ ಹೆಸರಿಲ್ಲದೆ ಹೀಗೆ ತಪ್ಪು ಹಿಡಿಯುವವನು ಯಾರೋ ಕೆಲಸವಿಲ್ಲದವನು ಅಂದುಕೊಂಡಿದ್ದೆ. ಹೆಸರಿಲ್ಲದವರ ಕಾಮೆಂಟು ಬಂದ್ ಮಾಡುವುದೇ ಹೋದ ವರ್ಷದ ನನ್ನ ಮೊದಲ ಗುರಿ. ಆ ಪಟ್ಟಿಯಲ್ಲಿ ನಾನು ಪೂರೈಸಿದ್ದೂ ಅದೊಂದನ್ನೇ.

ಇವತ್ತು ಅದನ್ನು ಮತ್ತೆ ತೆರೆದಿಟ್ಟೆ. ಹಿತುಕಿದ ಅವರೆಕಾಳಿನ ಸಾರಿನ ಬಗ್ಗೆ ಬರೆದು, ನೆನೆಹಾಕುವ ಮಾತನ್ನು ಬೇಕೆಂದೇ ಬಿಟ್ಟೆ. ಸಂಜೆಯೊಳಗೆ ಮೂರು ಕಾಮೆಂಟು ಬಂದವು.

ಮೂವರೂ ಚೆನ್ನಾಗಿದೆ ಅಂದಿದ್ದಾರೆ.